ಸಾಮಾಜಿಕ ನಾವೀನ್ಯತೆ: ಧಾರ್ಮಿಕ ಸಮುದಾಯಗಳ ಅಧ್ಯಯನಕ್ಕೆ ಅನುದಾನ ಕೋರುವವರಿಗೆ

ಸಮಾಜವನ್ನು ಕಾಡುವ ಒಂದು ಸಮಸ್ಯೆಗೆ ಈವರೆಗಿನ ಪರಿಹಾರಗಳಿಗಿಂತ ಹೆಚ್ಚು ಪರಿಣಾಮಕಾರಿಯಾದ ಅಥವಾ ಹೆಚ್ಚು ನ್ಯಾಯಯುತವಾದ ಹೊಸ ಏರ್ಪಾಡನ್ನು ರೂಪಿಸಿ, ಅದರ ಫಲ ಕೆಲವರ ಲಾಭವಾಗಿ ಉಳಿಯದೆ ಸಮಾಜಕ್ಕೆ ಸಲ್ಲುವಂತೆ ಮಾಡುವುದನ್ನು ಸಾಮಾಜಿಕ ನಾವೀನ್ಯತೆ ಎನ್ನುತ್ತಾರೆ. ಹೊಸತು ಎಂದೊಡನೆ ಯಂತ್ರವನ್ನೋ ತಂತ್ರಾಂಶವನ್ನೋ ಹುಡುಕಬೇಕಾಗಿಲ್ಲ. ಸಾಲ ಕೊಡುವ ಕ್ರಮ, ಒಡೆತನವನ್ನು ಹಂಚಿಕೊಳ್ಳುವ ರೀತಿ, ಆರೈಕೆಯ ಹೊಣೆ ಯಾರದೆಂಬ ತೀರ್ಮಾನ ಬದಲಾದರೂ ಅದು ನಾವೀನ್ಯತೆಯೇ. ದಾನ ಮತ್ತು ಸೇವೆ ಎಷ್ಟೇ ದೊಡ್ಡ ಪ್ರಮಾಣದಲ್ಲಿ ನಡೆದರೂ, ಕೊಡುವವರು ಮತ್ತು ಪಡೆಯುವವರ ನಡುವಿನ ಸಂಬಂಧ ಹಿಂದಿನಂತೆಯೇ ಇದ್ದರೆ, ಅದನ್ನು ಈ ಹೆಸರಿನಿಂದ ಕರೆಯುವುದು ಕಷ್ಟ. ಧಾರ್ಮಿಕ ಸಮುದಾಯಗಳನ್ನು ಕುರಿತ ಅನೇಕ ಪ್ರಸ್ತಾವನೆಗಳು ಎಡವುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಇಟಲಿಯ ಪೆರುಜಿಯಾದಲ್ಲಿ 1462ರಲ್ಲಿ ಕ್ಯಾಥೊಲಿಕ್ ಚರ್ಚಿನ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿಗಳ ಪ್ರೇರಣೆಯಿಂದ ಆರಂಭವಾದ ‘ಮೊಂತೆ ದಿ ಪಿಯೆತಾ’ ಎಂಬ ಸಾಲದ ನಿಧಿ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಬಡವರು ವಸ್ತುವೊಂದನ್ನು ಅಡವಿಟ್ಟು ಅಲ್ಲಿಂದ ಸಣ್ಣ ಸಾಲ ಪಡೆಯಬಹುದಾಗಿತ್ತು. ನಿಧಿಯ ಖರ್ಚು ತೂಗಿಸಲು ಅಲ್ಪ ಬಡ್ಡಿ ವಿಧಿಸುವುದು ಅನಿವಾರ್ಯವಾಯಿತು. ಆದರೆ ಬಡ್ಡಿ ಪಾಪವೆಂಬ ಬೋಧನೆಯಿದ್ದ ಚರ್ಚಿನೊಳಗೇ, ಮುಖ್ಯವಾಗಿ ಡೊಮಿನಿಕನ್ ಎಂಬ ಇನ್ನೊಂದು ಸನ್ಯಾಸಿ ಪಂಥದ ವಿದ್ವಾಂಸರಿಂದ, ಇದಕ್ಕೆ ಆಕ್ಷೇಪ ಎದ್ದಿತು. ಇಂತಹ ನಿಧಿಗಳು ನಿರ್ವಹಣಾ ವೆಚ್ಚಕ್ಕೆ ತಕ್ಕಷ್ಟು ಹಣ ಪಡೆಯುವುದು ತಪ್ಪಲ್ಲವೆಂದು ಚರ್ಚಿನ ಉನ್ನತ ಸಭೆಯಾದ ಐದನೆಯ ಲ್ಯಾಟೆರನ್ ಪರಿಷತ್ತು 1515ರಲ್ಲಿ ಒಪ್ಪಿದ ಮೇಲೆ ಅವುಗಳ ಸಿಂಧುತ್ವದ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯಿತು. ಅರ್ಧ ಶತಮಾನದ ಈ ವಾದವಿವಾದ ಸಂಶೋಧಕನಿಗೆ ನಿಧಿಯಷ್ಟೇ ಮುಖ್ಯವಾದ ಸಾಮಗ್ರಿ, ಏಕೆಂದರೆ ಧಾರ್ಮಿಕ ಸಮುದಾಯದಲ್ಲಿ ಹೊಸ ಏರ್ಪಾಡು ನೆಲೆಯೂರಬೇಕಾದರೆ ಅದು ಕೆಲಸ ಮಾಡಿದರಷ್ಟೇ ಸಾಲದು, ಶ್ರದ್ಧೆಯ ಚೌಕಟ್ಟಿನೊಳಗೆ ಸಮರ್ಥನೆಯನ್ನೂ ಪಡೆಯಬೇಕು.

ಸ್ಪೇನಿನ ಬಾಸ್ಕ್ ಪ್ರದೇಶದ ಮೊಂಡ್ರಗೋನ್ ಪಟ್ಟಣ ಇನ್ನೊಂದು ಬಗೆಯ ನಿದರ್ಶನ. ಅಲ್ಲಿಗೆ 1941ರಲ್ಲಿ ಬಂದ ಪಾದ್ರಿ ಹೋಸೆ ಮರಿಯಾ ಅರಿಸ್ಮೆಂದಿಯರ‍್ರಿಯೇತಾ 1943ರಲ್ಲಿ ತಾಂತ್ರಿಕ ಶಾಲೆಯನ್ನು ತೆರೆದರು. ಅವರ ಶಿಷ್ಯರು 1956ರಲ್ಲಿ ಕಟ್ಟಿದ ಕಾರ್ಖಾನೆಯಿಂದ ಕಾರ್ಮಿಕರೇ ಒಡೆಯರಾದ ಸಹಕಾರಿ ಸಂಸ್ಥೆಗಳ ದೊಡ್ಡ ಸಮೂಹವೇ ಬೆಳೆಯಿತು. ಇದರಲ್ಲಿ ಧರ್ಮದ ಪಾಲೆಷ್ಟು, ಆ ಪ್ರದೇಶದ ಕೈಗಾರಿಕಾ ಪರಂಪರೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಅನುದಾನದ ಅರ್ಜಿಯ ತಿರುಳು ಈ ಬಿಡಿಸುವಿಕೆಯ ವಿಧಾನದಲ್ಲಿದೆ. ‘ಧರ್ಮವು ಸಮಾಜಕ್ಕೆ ಹೇಗೆ ನೆರವಾಗುತ್ತದೆ’ ಎಂಬಂತಹ ಪ್ರಶ್ನೆಯಲ್ಲಿ ಉತ್ತರ ಮೊದಲೇ ಅಡಗಿರುವುದರಿಂದ ಪರಿಶೀಲಕರು ಅದನ್ನು ಸಂಶಯದಿಂದಲೇ ನೋಡುತ್ತಾರೆ. ಅದರ ಬದಲು, ಅದೇ ಊರಿನಲ್ಲಿ ಅದೇ ಸಮಸ್ಯೆಯನ್ನು ಕೈಗೆತ್ತಿಕೊಂಡ ಧಾರ್ಮಿಕೇತರ ಸಂಘವೊಂದನ್ನು ಹೋಲಿಕೆಗೆ ಇಟ್ಟುಕೊಂಡು, ನಂಬಿಕೆ, ಸ್ವಯಂಸೇವಕರ ಜಾಲ, ಕಟ್ಟಡ, ನಿಧಿ ಇವುಗಳಲ್ಲಿ ಯಾವುದು ವ್ಯತ್ಯಾಸವನ್ನು ಉಂಟುಮಾಡಿತೆಂದು ಕೇಳಿದರೆ ಪ್ರಶ್ನೆ ಪರೀಕ್ಷೆಗೆ ಒಳಪಡುತ್ತದೆ. ವಿಫಲವಾದ ಒಂದೆರಡು ಪ್ರಯತ್ನಗಳನ್ನೂ ಅಧ್ಯಯನಕ್ಕೆ ಆರಿಸಿಕೊಂಡವುಗಳಲ್ಲಿ ಸೇರಿಸುವುದು ಒಳ್ಳೆಯದು.

ಸಾಮಾನ್ಯವಾಗಿ ಮೊದಲು ಕಿರು ಪ್ರಸ್ತಾವನೆ, ಅದು ಒಪ್ಪಿಗೆಯಾದರೆ ಪೂರ್ಣ ಪ್ರಸ್ತಾವನೆ ಎಂಬ ಎರಡು ಹಂತಗಳಿರುತ್ತವೆ. ಇಂತಹ ಸಂಶೋಧನೆಗೆ ಅನುದಾನ ನೀಡುವ ಜಾನ್ ಟೆಂಪಲ್ಟನ್ ಪ್ರತಿಷ್ಠಾನದ ಕ್ರಮವೂ ಇದೇ. ಆಯವ್ಯಯದ ವಿವರ ಆಯಾ ಸಂಸ್ಥೆಯ ನಿಯಮದಂತೆ ಇದ್ದರೆ ಸಾಕು. ಹೆಚ್ಚು ಎಚ್ಚರ ಬೇಕಾದದ್ದು ನೈತಿಕ ಅನುಮತಿಯಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ 2018ರಿಂದ ಅನ್ವಯವಾಗುತ್ತಿರುವ ದತ್ತಾಂಶ ರಕ್ಷಣಾ ನಿಯಮಾವಳಿಯು ವ್ಯಕ್ತಿಯ ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆ ಬೇಕಾದ ಮಾಹಿತಿಯ ವರ್ಗಕ್ಕೆ ಸೇರಿಸಿದೆ. ಸಮುದಾಯದ ಮುಖ್ಯಸ್ಥರು ಕೊಟ್ಟ ಒಪ್ಪಿಗೆ ಪ್ರತಿ ಸದಸ್ಯನ ಒಪ್ಪಿಗೆಯಾಗದು. ಹಿರಿಯರ ಮಾತನ್ನು ಮೀರಲಾರದ ಸದಸ್ಯ ಸಂದರ್ಶನವನ್ನು ನಿಜವಾಗಿ ನಿರಾಕರಿಸಬಲ್ಲನೇ ಎಂಬುದಕ್ಕೆ ಅರ್ಜಿಯಲ್ಲಿ ಉತ್ತರವಿರಬೇಕು. ಸಮುದಾಯಕ್ಕೆ ಹಿತವಲ್ಲದ ಫಲಿತಾಂಶ ಬಂದಾಗ ಅದನ್ನು ಪ್ರಕಟಿಸುವ ಹಕ್ಕು ಯಾರದೆಂಬುದನ್ನು ಕೂಡ ಕ್ಷೇತ್ರಕಾರ್ಯಕ್ಕೆ ಮೊದಲೇ ಲಿಖಿತವಾಗಿ ಗೊತ್ತುಪಡಿಸಿಕೊಂಡು, ಆ ಪತ್ರವನ್ನು ಅರ್ಜಿಗೆ ಲಗತ್ತಿಸುವುದು ಕ್ಷೇಮ.