ರೆಡ್ ವೈನ್: ಒಗರಿನಲ್ಲಿ ತೋಟದ ಗುರುತು

ಮೈಸೂರಿನಲ್ಲಿ ಹೋಟೆಲ್ ಸಿಬ್ಬಂದಿಗೆ ವೈನ್ ಬಡಿಸುವುದನ್ನು, ಅದರ ರುಚಿ ನೋಡುವುದನ್ನು ಕಲಿಸುವುದು ನನ್ನ ಕೆಲಸ. ಹೊಸ ಬ್ಯಾಚ್ ಬಂದಾಗಲೆಲ್ಲ ರೆಡ್ ವೈನಿನ ಮೊದಲ ಗುಟುಕಿಗೆ ಕೇಳಿಬರುವ ಮಾತು ಒಂದೇ: 'ಕಹಿ ಇದೆ ಸಾರ್.' ನಿಜ ಹೇಳಬೇಕೆಂದರೆ ಒಳ್ಳೆಯ ರೆಡ್ ವೈನಿನಲ್ಲಿ ಕಹಿ ತುಂಬಾ ಕಡಿಮೆ. ಅವರ ಬಾಯಿಗೆ ತಾಗಿದ್ದು ಒಗರು. ಒಸಡು ಬಿಗಿಯುತ್ತದೆ, ಕೆನ್ನೆಯ ಒಳಗೆ ಒಣಗಿದಂತಾಗುತ್ತದೆ, ನಾಲಿಗೆ ಅಂಗುಳಿನ ಮೇಲೆ ಸಲೀಸಾಗಿ ಜಾರುವುದಿಲ್ಲ.

ಇದಕ್ಕೆ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಲ್ಲಿ ಅದು ಇರುತ್ತದೆ. ಓಕ್ ಮರದ ಪೀಪಾಯಿಯಿಂದಲೂ ಸ್ವಲ್ಪ ಬರುತ್ತದೆ. ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನ್‌ಗಳಿಂದಾಗಿ ಬಾಯಿ ನುಣುಪಾಗಿರುತ್ತದೆ. ಟ್ಯಾನಿನ್ ಆ ಪ್ರೋಟೀನ್‌ಗೆ ಅಂಟಿಕೊಂಡು ಅದನ್ನು ಗಟ್ಟಿಯಾಗಿಸುತ್ತದೆ. ನುಣುಪು ಹೋದ ಮೇಲೆ ಉಳಿಯುವುದು ಒರಟು. ಅಡಿಕೆ ಜಗಿದಾಗ, ಬಾಳೆಕಾಯಿ ಕಚ್ಚಿದಾಗ ಆಗುವುದೂ ಇದೇ.

ಹೆಸರಾಂತ ತೋಟಗಳ ರೆಡ್ ವೈನ್ ಸಿಕ್ಕಾಗ ಮೂಗಿನಲ್ಲಿ ಹೂವು ಹಣ್ಣುಗಳ ಹೆಸರು ಹುಡುಕುವುದಕ್ಕಿಂತ ಮೊದಲು ಈ ಒಗರನ್ನು ಗಮನಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬ್ಲ್ಯಾಕ್‌ಕರಂಟ್, ಸೀಡರ್ ಮರ, ವಯೊಲೆಟ್ ಹೂವು ಅಂತ ಪುಸ್ತಕಗಳಲ್ಲಿ ಪಟ್ಟಿ ಇರುತ್ತದೆ. ಅವನ್ನು ನಮ್ಮಲ್ಲಿ ಎಷ್ಟು ಜನ ಮೂಸಿದ್ದೇವೆ? ಒಗರು ಹಾಗಲ್ಲ. ಅಡಿಕೆ, ನೆಲ್ಲಿಕಾಯಿ, ನೇರಳೆ ತಿಂದು ಬೆಳೆದವರಿಗೆ ಅದರ ಹೆಚ್ಚು ಕಡಿಮೆ, ನಯ ಒರಟು ಎಲ್ಲ ತಕ್ಷಣ ಗೊತ್ತಾಗುತ್ತದೆ. ಈ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ ಎಂಬುದು ನನ್ನ ಅನುಭವ.

ತರಗತಿಯಲ್ಲಿ ವೈನ್ ತೆರೆಯುವ ಮೊದಲು ಟೀ ಕೊಡುತ್ತೇನೆ. ಹಾಲು ಸಕ್ಕರೆ ಇಲ್ಲದ ಬರೀ ಟೀ, ಮೂರು ಲೋಟ. ಒಂದರಲ್ಲಿ ಸೊಪ್ಪು 2 ನಿಮಿಷ ನೆನೆದಿರುತ್ತದೆ, ಇನ್ನೊಂದರಲ್ಲಿ 5, ಮತ್ತೊಂದರಲ್ಲಿ 10. ಆರಿದ ಮೇಲೆ ಒಂದೊಂದೇ ಗುಟುಕು ಬಾಯಲ್ಲಿ ತಿರುಗಿಸಿ ಉಗುಳಬೇಕು. ಮೂರನೆಯ ಲೋಟಕ್ಕೆ ಬರುವಷ್ಟರಲ್ಲಿ ಮುಂದಿನ ಹಲ್ಲಿನ ಮೇಲಿನ ಒಸಡು ಬಿಗಿದಿರುತ್ತದೆ. ಆಮೇಲೆ ಮೊದಲನೆಯ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುತ್ತೇನೆ. ಈಗ ಬಾಯಿ ಒಣಗುವ ಬದಲು ಎರಡೂ ದವಡೆಯಿಂದ ನೀರು ಒಸರುತ್ತದೆ. ಅದು ಹುಳಿಯ ಕೆಲಸ. ಒಗರು ಬಾಯಿ ಒಣಗಿಸುತ್ತದೆ, ಹುಳಿ ನೀರೂರಿಸುತ್ತದೆ. ಈ ಎರಡನ್ನು ಬೇರೆ ಬೇರೆಯಾಗಿ ಹಿಡಿಯಲು ಬಂದರೆ ರೆಡ್ ವೈನಿನ ಅರ್ಧ ಪಾಠ ಮುಗಿದ ಹಾಗೆ. ಮನೆಯಲ್ಲೇ ಮಾಡಿ ನೋಡಬಹುದು, ಖರ್ಚೇನೂ ಇಲ್ಲ.

ಇನ್ನು ತೋಟಗಳಿಗೆ ಬರೋಣ. ಫ್ರಾನ್ಸಿನ ಬೋರ್ಡೋ ಎಲ್ಲರಿಗೂ ಗೊತ್ತಿರುವ ಹೆಸರು. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಚಕ್ರವರ್ತಿ ಮೂರನೇ ನೆಪೋಲಿಯನ್ ಅಲ್ಲಿನ ಒಳ್ಳೆಯ ವೈನ್‌ಗಳ ಪಟ್ಟಿ ಕೇಳಿದ. ಊರಿನ ದಲ್ಲಾಳಿಗಳು ಯಾವ ತೋಟದ ವೈನ್ ಯಾವ ಬೆಲೆಗೆ ಹೋಗುತ್ತಿದೆ ಎಂದು ನೋಡಿ ಐದು ದರ್ಜೆ ಮಾಡಿಕೊಟ್ಟರು. ಮೊದಲ ದರ್ಜೆಯಲ್ಲಿದ್ದದ್ದು ನಾಲ್ಕೇ: ಲಾಫೀಟ್, ಲಾಟೂರ್, ಮಾರ್ಗೋ, ಓ-ಬ್ರಿಯೋನ್. 1973ರಲ್ಲಿ ಮೂಟೋನ್ ರಾತ್‌ಶಿಲ್ಡ್ ಆ ಸಾಲಿಗೆ ಸೇರಿತು. ದಲ್ಲಾಳಿಗಳು ಬೆಲೆ ನೋಡಿ ಮಾಡಿದ ಪಟ್ಟಿ ಇಷ್ಟು ವರ್ಷ ನಿಂತಿದೆ ಅಂದರೆ ಅದರ ಹಿಂದೆ ಮಣ್ಣಿನ ಬಲ ಇದೆ.

ಲಾಫೀಟ್, ಲಾಟೂರ್, ಮೂಟೋನ್ ಮೂರೂ ಪೊಯಾಕ್ ಎಂಬ ಒಂದೇ ಊರಿನವು. ಜಿರೋಂಡ್ ನದಿಯ ಪಕ್ಕದ ಜಲ್ಲಿಕಲ್ಲಿನ ದಿಬ್ಬಗಳು. ಅಲ್ಲಿ ಮುಖ್ಯ ತಳಿ ಕ್ಯಾಬರ್ನೆ ಸೋವಿನ್ಯೋ. ಅದು ತಡವಾಗಿ ಮಾಗುವ ದ್ರಾಕ್ಷಿ. ಸರಿಯಾಗಿ ಮಾಗದಿದ್ದರೆ ವೈನಿನಲ್ಲಿ ದಪ್ಪ ಮೆಣಸಿನಕಾಯಿಯ ಹಸಿ ವಾಸನೆ ಉಳಿದುಬಿಡುತ್ತದೆ. ಪೈರಜಿನ್ ಎಂಬ ರಾಸಾಯನಿಕದ ವಾಸನೆ ಅದು. ಕ್ಯಾಪ್ಸಿಕಂನಲ್ಲಿ ಇರುವುದೂ ಅದೇ. ಜಲ್ಲಿ ನೆಲ ಮಳೆ ನೀರನ್ನು ಬೇಗ ಕೆಳಗಿಳಿಸುತ್ತದೆ, ಹಗಲಿನ ಬಿಸಿಯನ್ನು ಹಿಡಿದಿಡುತ್ತದೆ. ಹಾಗಾಗಿ ಕ್ಯಾಬರ್ನೆಗೆ ಪೂರ್ತಿ ಮಾಗಲು ಅವಕಾಶ ಸಿಗುತ್ತದೆ. ಬಾಯಿಗೆ ಬಂದಾಗ ಪೊಯಾಕ್ ವೈನಿನ ಒಗರು ದಟ್ಟ, ನೇರ. ಗುಟುಕಿನ ಮಧ್ಯದಲ್ಲಿ ಎದ್ದು, ಉಗುಳಿದ ಮೇಲೂ ಒಸಡನ್ನು ಹಿಡಿದುಕೊಂಡೇ ಇರುತ್ತದೆ. ವಾಸನೆಯಲ್ಲಿ ಕಪ್ಪು ಹಣ್ಣು, ಆಗತಾನೇ ಚೂಪು ಮಾಡಿದ ಪೆನ್ಸಿಲ್. ಎಳೆಯ ಲಾಟೂರ್ ಕುಡಿಯುವುದು ಹಣ ಪೋಲು ಮಾಡಿದ ಹಾಗೆ ಅಂತಲೇ ನನ್ನ ಅಭಿಪ್ರಾಯ. ಹದಿನೈದು ಇಪ್ಪತ್ತು ವರ್ಷ ಬಾಟಲಿಯಲ್ಲಿದ್ದರೆ ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ, ಸ್ವಲ್ಪ ಭಾಗ ತಳದಲ್ಲಿ ಗಸಿಯಾಗಿ ಕೂರುತ್ತದೆ. ಆಗ ಒಗರು ತಗ್ಗಿ, ಒಣ ಎಲೆ, ಚರ್ಮ, ತಂಬಾಕಿನ ವಾಸನೆಗಳು ಮೇಲೆ ಬರುತ್ತವೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕಿರುವ ಮಾರ್ಗೋದಲ್ಲಿ ತಳಿ ಅದೇ ಆದರೂ ಒಗರು ತೆಳು, ಪರಿಮಳ ಜಾಸ್ತಿ.

ನದಿ ದಾಟಿ ಬಲದಂಡೆಯ ಪೋಮೆರೋಲ್‌ಗೆ ಹೋದರೆ ಕಥೆಯೇ ಬೇರೆ. ಪೆಟ್ರುಸ್ ತೋಟ ಅಲ್ಲಿದೆ, ಸುಮಾರು 28 ಎಕರೆ. ನೆಲ ನೀಲಿ ಜೇಡಿಮಣ್ಣು. ಜೇಡಿಮಣ್ಣು ತಂಪು, ಅಲ್ಲಿ ಕ್ಯಾಬರ್ನೆ ಮಾಗುವುದು ಕಷ್ಟ. ಬೇಗ ಮಾಗುವ ಮರ್ಲೋ ತಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಇದರಲ್ಲೂ ಟ್ಯಾನಿನ್ ಇದೆ. ಆದರೆ ಮೂಲೆಗಳಿಲ್ಲದ, ದುಂಡಗಿನ ಒಗರು. ಎಷ್ಟೋ ಜನ ಇದನ್ನು ಕುಡಿದು 'ಸಿಹಿ' ಅನ್ನುತ್ತಾರೆ. ಸಕ್ಕರೆ ಇರುವುದಿಲ್ಲ, ಮಾಗಿದ ಹಣ್ಣಿನ ವಾಸನೆ ಮತ್ತು ಆಲ್ಕೋಹಾಲ್ ಸೇರಿ ಹಾಗೆ ಅನ್ನಿಸುತ್ತದೆ.

ನನಗೆ ಮನಸ್ಸಿಗೆ ಹತ್ತಿರವಾದದ್ದು ಫ್ರಾನ್ಸಿನದೇ ಇನ್ನೊಂದು ಪ್ರದೇಶ, ಬರ್ಗಂಡಿ. ಕೋಟ್ ದೋರ್ ಎಂಬ ಉದ್ದನೆಯ ಇಳಿಜಾರು, ಕೆಂಪಿಗೆ ಒಂದೇ ತಳಿ, ಪಿನೋ ನ್ವಾರ್. ಅಲ್ಲಿನ ಜನ ನೆಲವನ್ನು ತುಂಡು ತುಂಡಾಗಿ ಹೆಸರಿಟ್ಟು ಗುರುತಿಸುತ್ತಾರೆ. ಆ ತುಂಡುಗಳನ್ನು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲಕ್ಕಿಂತ ಹೆಸರುವಾಸಿಯಾದ ರೋಮಾನೆ-ಕೋಂತಿ ಸುಮಾರು ನಾಲ್ಕೂವರೆ ಎಕರೆ ಅಷ್ಟೇ. ವರ್ಷಕ್ಕೆ ಐದಾರು ಸಾವಿರ ಬಾಟಲಿ. ಇಳಿಜಾರಿನ ಮಧ್ಯದಲ್ಲಿ ಇರುವುದೇ ಅದರ ಅದೃಷ್ಟ. ತೀರಾ ಮೇಲೆ ಹೋದರೆ ಮಣ್ಣು ತೆಳು, ಚಳಿ ಹೆಚ್ಚು. ಕೆಳಗಿನ ಬಯಲಿನಲ್ಲಿ ಮಣ್ಣು ಆಳ, ನೀರು ನಿಲ್ಲುತ್ತದೆ. ಮಂಡ್ಯ ಕಡೆ ನಾಲೆ ನೀರು ನಿಲ್ಲುವ ಗದ್ದೆಗೆ ಬೆಲೆ, ಮೇಲಿನ ಕಲ್ಲು ಹೊಲಕ್ಕೆ ಬೆಲೆಯಿಲ್ಲ ಅಲ್ವಾ? ಬರ್ಗಂಡಿಯಲ್ಲಿ ಇದು ತಿರುವುಮುರುವು. ನೀರು ಸಾಕಷ್ಟು ಸಿಕ್ಕ ಬಳ್ಳಿ ಎಲೆ ಬಿಟ್ಟು ಹಬ್ಬುತ್ತದೆ, ಹಣ್ಣು ದಪ್ಪಗಾಗುತ್ತದೆ, ರುಚಿ ತೆಳುವಾಗುತ್ತದೆ. ಮಿತವಾಗಿ ನೀರು ಸಿಕ್ಕಾಗ ಹಣ್ಣು ಸಣ್ಣದಾಗುತ್ತದೆ. ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ ಇರುತ್ತದೆ. ಬಣ್ಣ, ಪರಿಮಳ, ಒಗರು ಹೆಚ್ಚಾಗಿ ಇರುವುದು ಆ ಸಿಪ್ಪೆಯಲ್ಲೇ.

ಪಿನೋ ನ್ವಾರ್‌ನ ಸಿಪ್ಪೆ ತೆಳು. ಹಾಗಾಗಿ ಗ್ಲಾಸಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುವಷ್ಟು ತಿಳಿ ಬಣ್ಣ. ಕುಡಿದಾಗ ಒಗರು ಇದೆ, ಆದರೆ ತುಂಬಾ ಸಣ್ಣ ಪುಡಿಯ ಹಾಗೆ ಬಾಯಿ ತುಂಬಾ ಹರಡಿಕೊಂಡಿರುತ್ತದೆ. ಎಲ್ಲೂ ಚುಚ್ಚುವುದಿಲ್ಲ. ಒಳ್ಳೆಯ ತೋಟದ್ದಾದರೆ ಉಗುಳಿದ ಮೇಲೆ ಒಂದು ನಿಮಿಷದವರೆಗೂ ಪರಿಮಳ ಹೋಗುವುದಿಲ್ಲ. ಬಣ್ಣ ತೆಳು ಅಂದರೆ ವೈನ್ ತೆಳು ಎಂದು ತಿಳಿದವರಿಗೆ ಇದು ದೊಡ್ಡ ಆಶ್ಚರ್ಯ. ಆದರೆ ಒಂದು ಮಾತು. ತೋಟದ ಹೆಸರೊಂದನ್ನೇ ನಂಬಬೇಡಿ. ಕ್ಲೋ ದ ವೂಜೋ ಎಂಬ ತೋಟ ಸುಮಾರು 125 ಎಕರೆ, ಸುತ್ತಲೂ ಕಲ್ಲಿನ ಗೋಡೆ, ಹಿಂದೆ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳದ್ದಾಗಿತ್ತು. ಇಂದು ಅದು ಸುಮಾರು 80 ಮಾಲೀಕರ ಕೈಯಲ್ಲಿ ಹಂಚಿಹೋಗಿದೆ. ಮೇಲ್ಭಾಗದವರ ವೈನಿಗೂ ರಸ್ತೆ ಪಕ್ಕದ ತಗ್ಗಿನವರ ವೈನಿಗೂ ಲೇಬಲ್ಲಿನಲ್ಲಿ ಹೆಸರು ಒಂದೇ, ಬಾಯಲ್ಲಿ ಒಂದೇ ಅಲ್ಲ. ಬರ್ಗಂಡಿಯಲ್ಲಿ ತೋಟದ ಹೆಸರಿನ ಜೊತೆಗೆ ಮಾಡಿದವರ ಹೆಸರನ್ನೂ ಓದಲೇಬೇಕು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಯೂರೋಪಿನ ತೋಟಗಳನ್ನು ಫಿಲೊಕ್ಸೆರಾ ಎಂಬ ಬೇರುಹುಳು ಹಾಳುಮಾಡಿದಾಗ ಬಹುತೇಕ ಎಲ್ಲರೂ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿದರು. ರೋಮಾನೆ-ಕೋಂತಿಯಲ್ಲಿ ಮಾತ್ರ ಹಳೆಯ ಬಳ್ಳಿಗಳನ್ನು ಸ್ವಂತ ಬೇರಿನ ಮೇಲೆಯೇ ಬಹಳ ಕಾಲ ಉಳಿಸಿಕೊಂಡರು. ಕೊನೆಗೆ 1945ರ ಕೊಯ್ಲು ಮುಗಿಸಿ ಕಿತ್ತರು. 1946ರಿಂದ 1951ರವರೆಗೆ ಆ ಹೆಸರಿನ ವೈನೇ ಇಲ್ಲ. ಯಾರಾದರೂ 1949ರ ರೋಮಾನೆ-ಕೋಂತಿ ಇದೆ ಎಂದು ತೋರಿಸಿದರೆ ಅದು ನಕಲಿ, ಅಷ್ಟೇ.

ಫ್ರಾನ್ಸಿನ ರೋನ್ ನದಿಯ ದಡದ ಎರ್ಮಿಟಾಜ್ ಬೆಟ್ಟದ ವೈನ್ ನಮ್ಮವರಿಗೆ ಬೇಗ ಹಿಡಿಸುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಒಂದೇ ಗುಡ್ಡ, ಪಶ್ಚಿಮ ಭಾಗ ಗ್ರಾನೈಟ್ ಕಲ್ಲು, ತಳಿ ಸಿರಾ. ಒಗರು ಬಲವಾಗಿದೆ. ಒಂದು ಕಾಲದಲ್ಲಿ ಬೋರ್ಡೋ ವೈನ್ ತೆಳುವಾದರೆ ಅದಕ್ಕೆ ಶಕ್ತಿ ತುಂಬಲು ಎರ್ಮಿಟಾಜ್ ಬೆರೆಸುತ್ತಿದ್ದರು. ಸಿರಾದ ಗುರುತು ಕರಿಮೆಣಸಿನ ಘಾಟು. ಮೆಣಸಿನ ಹಾಗೆ ಅಂತ ಸುಮ್ನೆ ಹೇಳುವ ಮಾತಲ್ಲ ಇದು. ರೊಟಂಡೋನ್ ಎಂಬ ರಾಸಾಯನಿಕ ಕೊಡಗಿನ ಕಾಳುಮೆಣಸಿನಲ್ಲೂ ಇದೆ, ಸಿರಾ ದ್ರಾಕ್ಷಿಯಲ್ಲೂ ಇದೆ. ವೈನಿನ ಮೆಣಸು ವಾಸನೆಗೆ ಅದೇ ಕಾರಣ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಐವರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ ಎಂದೂ ಅವರೇ ಕಂಡುಕೊಂಡರು. ನನ್ನ ತರಗತಿಗಳಲ್ಲೂ ಒಬ್ಬಿಬ್ಬರು 'ನನಗೆ ಏನೂ ಬರ್ತಾ ಇಲ್ಲ ಸಾರ್' ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ, ಹುಟ್ಟಿನಿಂದ ಬಂದದ್ದು. ವಾಸನೆಗಿಂತ ಒಗರನ್ನು ಮೊದಲು ನೋಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇಟಲಿಯ ಬರೋಲೋ ಕಣ್ಣಿಗೆ ಮೋಸ ಮಾಡುತ್ತದೆ. ನೆಬ್ಬಿಯೋಲೋ ದ್ರಾಕ್ಷಿಯ ಬಣ್ಣ ಪಿನೋದಂತೆ ತಿಳಿ, ಕೆಲವೇ ವರ್ಷಕ್ಕೆ ಅಂಚು ಕಿತ್ತಳೆಗೆ ತಿರುಗುತ್ತದೆ. ಮೂಗಿಗೆ ಗುಲಾಬಿ ಮತ್ತು ಡಾಂಬರು. ಬಾಯಿಗೆ ಹಾಕಿದರೆ ಎಲ್ಲಕ್ಕಿಂತ ಬಿಗಿಯಾದ ಒಗರು ಇದರದ್ದೇ, ಜೊತೆಗೆ ಜೋರಾದ ಹುಳಿ. ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಟ್ಟ ಮೇಲೆಯೇ ಮಾರಬೇಕು ಎಂಬ ನಿಯಮ ಇರುವುದು ಸುಮ್ಮನೆ ಅಲ್ಲ. ಒಳ್ಳೆಯ ವೈನ್ ಫ್ರಾನ್ಸ್, ಇಟಲಿಯ ಸ್ವತ್ತೇನೂ ಅಲ್ಲ. 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ ಕೆಂಪಿನಲ್ಲಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ತೋಟದ 1973ರ ಕೊಯ್ಲಿನ ವೈನ್. ರುಚಿ ನೋಡಿದವರು ಫ್ರೆಂಚರೇ.

ನಮ್ಮಲ್ಲಿ ಕಲಿಯಲು ಶುರು ಮಾಡುವವರಿಗೆ ನಂದಿ ಬೆಟ್ಟದ ತಪ್ಪಲಿನ ಅಥವಾ ನಾಸಿಕ್‌ನ ಕ್ಯಾಬರ್ನೆ, ಶಿರಾಜ್ ಸಾಕು. ಶಿರಾಜ್ ಅಂದರೆ ಸಿರಾನೇ. ಒಂದೊಂದು ತಳಿಯ ಒಂದೊಂದು ಬಾಟಲಿ ತಂದು, ಪೇಪರ್ ಸುತ್ತಿ ಹೆಸರು ಮುಚ್ಚಿ, ನಾಲ್ಕು ಜನ ಸೇರಿ ಎರಡೆರಡು ಗುಟುಕು ನೋಡಿ. ಯಾವುದರ ಒಗರು ಒಸಡಿಗೆ ಹಿಡಿಯಿತು, ಯಾವುದು ಬೇಗ ಬಿಟ್ಟಿತು ಎಂದು ಬರೆದಿಡಿ.

ಮೈಸೂರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ವೈನ್ ಕೆಡಿಸುವುದು ಬಿಸಿ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅಂತಾರೆ. ಅದು ಯೂರೋಪಿನ ತಣ್ಣನೆಯ ಕೋಣೆಯ ಲೆಕ್ಕ, 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಕೋಣೆ 30 ದಾಟಿರುತ್ತದೆ. ಅಷ್ಟು ಬಿಸಿಯಲ್ಲಿ ಆಲ್ಕೋಹಾಲ್ ಘಾಟು ಮೂಗಿಗೆ ಹೊಡೆಯುತ್ತದೆ, ಪರಿಮಳ ಸತ್ತೇ ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ಇಳಿದ ಮೇಲೆ ತೆಗೆಯಿರಿ. ಅದಕ್ಕಿಂತ ಹೆಚ್ಚು ಇಡಬೇಡಿ, ತೀರಾ ತಣ್ಣಗಾದರೆ ಒಗರು ಒರಟಾಗುತ್ತದೆ. ವಿದೇಶದಿಂದ ಮಗನೋ ಅಳಿಯನೋ ತಂದ ಬಾಟಲಿಯನ್ನು ಶೋಕೇಸಿನಲ್ಲಿ ನಿಲ್ಲಿಸಿ ವರ್ಷಗಟ್ಟಲೆ ಇಡುವ ಮನೆಗಳು ತುಂಬಾ ಇವೆ. ನೋಡಿದರೆ ಸಂಕಟವಾಗುತ್ತದೆ. ಬೆಳಕು, ಬಿಸಿ ಎರಡೂ ಅದಕ್ಕೆ ಆಗಲ್ಲ. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಗಾಳಿ ಒಳಗೆ ಹೋಗುತ್ತದೆ. ಬಿರಡೆ ಮೇಲೆದ್ದಿದೆಯೇ, ಕತ್ತಿನ ಬಳಿ ಸೋರಿದ ಅಂಟು ಇದೆಯೇ ನೋಡಿ. ಇದ್ದರೆ ಬಿಸಿಗೆ ಕೆಟ್ಟಿರುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ಮಲಗಿಸಿ ಕತ್ತಲೆಯಲ್ಲಿಡಿ, ಬೇಗ ತೆರೆಯಿರಿ.

ಊಟದ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಖಾರದ ಮಟನ್ ಸಾರಿನ ಜೊತೆ ಪೊಯಾಕ್, ಬರೋಲೋ ಇಡಬೇಡಿ. ಒಗರು ಮತ್ತು ಆಲ್ಕೋಹಾಲ್ ಎರಡೂ ಖಾರವನ್ನು ಕೆರಳಿಸುತ್ತವೆ, ಸಾರೂ ಕೆಡುತ್ತದೆ, ವೈನೂ ಕೆಡುತ್ತದೆ. ಕೊಬ್ಬು ಮತ್ತು ಪ್ರೋಟೀನ್ ಇರುವ, ಖಾರ ಕಡಿಮೆಯ ಮಾಂಸ ಬೇಕು. ಟ್ಯಾನಿನ್ ಆಗ ಬಾಯಿಯ ಜೊಲ್ಲನ್ನು ಬಿಟ್ಟು ಮಾಂಸದ ಕಡೆ ತಿರುಗುತ್ತದೆ, ಒಗರು ಇಳಿಯುತ್ತದೆ. ಬನ್ನೂರು ಕುರಿಯ ಕೊಬ್ಬಿರುವ ತುಂಡುಗಳನ್ನು ಉಪ್ಪು, ಬೆಳ್ಳುಳ್ಳಿ, ಸ್ವಲ್ಪ ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಹುರಿದರೆ ಸಿರಾಕ್ಕೆ ಅದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಮಾಂಸ ತಿನ್ನದವರು ತುಪ್ಪದಲ್ಲಿ ಹುರಿದ ಅಣಬೆಯನ್ನು ಪಿನೋ ನ್ವಾರ್ ಜೊತೆ ಇಟ್ಟು ನೋಡಿ. ಬಾಟಲಿಯಲ್ಲಿ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಎಳೆಯ ಕ್ಯಾಬರ್ನೆ ಮೂರು ದಿನ ತಡೆಯುತ್ತದೆ, ಹಳೆಯ ಪಿನೋವನ್ನು ಅಂದೇ ಮುಗಿಸಬೇಕು.