ನಿಂತು ನೋಡುವವರಿಗೆ ಆರಿಹೋಗುವ ಗೋಡೆ

ಜನ ನಡೆದರೆ ಗೋಡೆ ಬೆಳಗಬೇಕು, ಅಷ್ಟೇ ಸಾರ್. ಕಂಪನಿಗಳು ಲಾಬಿ ಮಾಡಿಸುವಾಗ ಲೈಟಿಂಗ್‌ನವರಾದ ನಮಗೆ ಹೇಳುವುದು ಹೆಚ್ಚುಕಮ್ಮಿ ಇಷ್ಟೇ. ಆದರೆ ಆ ಗೋಡೆಯನ್ನು ಜಾಸ್ತಿ ಹೊತ್ತು ನೋಡುವವರು ಯಾರು? ಬಂದವರು ಲಿಫ್ಟ್ ಬರುವ ತನಕ ನೋಡುತ್ತಾರೆ. ರಿಸೆಪ್ಷನ್‌ನವರು, ಸೆಕ್ಯೂರಿಟಿಯವರು ಇಡೀ ಪಾಳಿ ಅದರ ಎದುರೇ ಇರಬೇಕು. ಪ್ರತಿ ಸಲ ಬಾಗಿಲು ತೆರೆದಾಗಲೂ ಬಣ್ಣ ಚಿಮ್ಮಿದರೆ ಅವರಿಗೆ ತಲೆನೋವು. ಹಾಗಾಗಿ ಯಾರೂ ಓಡಾಡದೇ ಇರುವಾಗ ಗೋಡೆ ಹೇಗಿರಬೇಕು ಅನ್ನೋದನ್ನು ನಾನು ಮೊದಲು ತೀರ್ಮಾನಿಸುತ್ತೇನೆ. ಒಂದೇ ಬಣ್ಣ, ಕಡಿಮೆ ಬೆಳಕು, ಬದಲಾದದ್ದೇ ಗೊತ್ತಾಗದಷ್ಟು ನಿಧಾನ. ಜನ ಬಂದಾಗಿನ ಆಟ ಆಮೇಲೆ.

ಹಣ ಉಳಿಸಲು ಹೋಗಿ ಕೆಡುವುದು ಜನ ಬಂದದ್ದನ್ನು ಗುರುತಿಸುವ ಸೆನ್ಸರ್‌ನಲ್ಲಿ. ಪಿಐಆರ್ ಅನ್ನುವ ಸೆನ್ಸರ್ ಅಗ್ಗ, ಟಾಯ್ಲೆಟ್ ಲೈಟಿಗೆ ಸಾಕು. ಅದು ಗುರುತಿಸುವುದು ಮೈಶಾಖದ ಚಲನೆಯನ್ನು. ಅಂದರೆ ದುಡುದುಡು ಹೋಗುವವರಿಗೆ ಗೋಡೆ ಬೆಳಗುತ್ತದೆ, ಚೆನ್ನಾಗಿದೆಯಲ್ಲ ಅಂತ ನಿಂತು ನೋಡುವವರಿಗೆ ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ! ಅಂದಕ್ಕೆಂದು ಗಾಜಿನ ಹಿಂದೆ ಅಡಗಿಸಿದರೆ ಕಥೆ ಮುಗಿಯಿತು, ಮೈಶಾಖದ ಕಿರಣ ಗಾಜನ್ನು ದಾಟುವುದಿಲ್ಲ. ರೇಡಾರ್ ಸೆನ್ಸರ್‌ದು ಉಲ್ಟಾ ಸಮಸ್ಯೆ. ಅದಕ್ಕೆ ಜಿಪ್ಸಂ ಗೋಡೆಯ ಆಚೆ ಕಾರಿಡಾರ್‌ನಲ್ಲಿ ಹೋಗುವವರೂ ಕಾಣುತ್ತಾರೆ. ನನಗೆ ಇಷ್ಟ ಸೀಲಿಂಗ್‌ನಿಂದ ನೇರ ಕೆಳಗೆ ನೋಡುವ ಡೆಪ್ತ್ ಕ್ಯಾಮೆರಾ, ಅಂದರೆ ಎದುರಿರುವುದು ಎಷ್ಟು ದೂರದಲ್ಲಿದೆ ಅಂತ ಅಳೆಯುವ ಕ್ಯಾಮೆರಾ. ಯಾರು ಎಲ್ಲಿ ನಿಂತಿದ್ದಾರೆ ಅಂತ ಅದಕ್ಕೆ ಗೊತ್ತಾಗುತ್ತದೆ, ಮುಖ ಬೇಕಾಗುವುದಿಲ್ಲ. ಆದರೂ ಕ್ಯಾಮೆರಾ ಅಂದರೆ ಸಿಬ್ಬಂದಿಗೆ ಅನುಮಾನ ಬಂದೇ ಬರುತ್ತದೆ, ಬರಲೂಬೇಕು. ಏನೂ ರೆಕಾರ್ಡ್ ಆಗದ ಹಾಗೆ ಮಾಡಿ, ಅದನ್ನು ಮೊದಲೇ ಹೇಳಿಬಿಡಿ.

ಇನ್ನು ಕರೆಂಟ್. ಗೋಡೆಯೊಳಗೆ ಇರುವುದು ಪಿಕ್ಸೆಲ್ ಸ್ಟ್ರಿಪ್, ಅಂದರೆ ಒಂದೊಂದು ಎಲ್‌ಇಡಿಯ (ಅದೇ ಪಿಕ್ಸೆಲ್) ಬಣ್ಣವನ್ನೂ ಬೇರೆಬೇರೆಯಾಗಿ ಬದಲಿಸಬಹುದಾದ ಪಟ್ಟಿ. 5 ವೋಲ್ಟ್‌ನ ಸಾಮಾನ್ಯ ಪಿಕ್ಸೆಲ್ ಸ್ಟ್ರಿಪ್‌ನಲ್ಲಿ ಮೀಟರಿಗೆ 60 ಎಲ್‌ಇಡಿ ಇದ್ದರೆ, ಒಂದೊಂದೂ ಪೂರ್ತಿ ಬಿಳಿ ಉರಿದಾಗ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. ಐದು ಮೀಟರಿಗೆ 300 ಎಲ್‌ಇಡಿ, 18 ಆಂಪ್. ಇಷ್ಟನ್ನೂ ಒಂದೇ ತುದಿಯಿಂದ ಕೊಟ್ಟರೆ ಆಚೆ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ನೀಲಿ, ಹಸಿರಿಗೆ ಕೆಂಪಿಗಿಂತ ಜಾಸ್ತಿ ವೋಲ್ಟೇಜ್ ಬೇಕು, ಅವು ಮೊದಲು ಮಂಕಾಗುತ್ತವೆ, ಬಿಳಿ ಬೆಳಕು ಕೆಂಪಡರುತ್ತದೆ. ಎರಡೂ ತುದಿಗೆ, ಉದ್ದ ಇದ್ದರೆ ನಡುವೆಯೂ ಸಪ್ಲೈ ಕೊಡಿ. ಕಂಟ್ರೋಲರ್ ಡಿಎಂಎಕ್ಸ್ (ಲೈಟುಗಳಿಗೆ ಆಜ್ಞೆ ಕಳಿಸುವ ಒಂದು ಪದ್ಧತಿ) ಆದರೆ ಒಂದು ಯೂನಿವರ್ಸ್‌ಗೆ, ಅಂದರೆ ಒಂದು ಲೈನಿಗೆ, 512 ಚಾನೆಲ್, ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರರಂತೆ 170 ಪಿಕ್ಸೆಲ್ ಮಾತ್ರ. ಈ ಲೆಕ್ಕ ಕೊಟೇಶನ್‌ನಲ್ಲೇ ಇರಬೇಕು.

ಚುಕ್ಕಿಚುಕ್ಕಿ ಕಾಣಬಾರದು ಅಂದರೆ ಸ್ಟ್ರಿಪ್ಪಿಗೂ ಮುಂದಿನ ಹಾಲುಬಣ್ಣದ ಅಕ್ರಿಲಿಕ್ಕಿಗೂ ನಡುವೆ ಜಾಗ ಬಿಡಬೇಕು. ಎರಡು ಎಲ್‌ಇಡಿ ನಡುವಿನ ಅಂತರದಷ್ಟಾದರೂ, ಇಲ್ಲಿ ಸುಮಾರು 17 ಮಿಲಿಮೀಟರ್. ಇಂಟೀರಿಯರ್‌ನವರು ಇದಕ್ಕೇ ಜಗಳಕ್ಕೆ ಬರುವುದು.

ಆ ಅಕ್ರಿಲಿಕ್ ಅನ್ನು ಯಾರಾದರೂ ಸಿಲಿಕೋನ್ ಹಾಕಿ ಅಂಟಿಸುವ ಮೊದಲು ಸೈಟಿಗೆ ಹೋಗಿ ತಡೆಯಿರಿ. ಒಂದೇ ಡೇಟಾ ಲೈನ್ ಇರುವ ಸ್ಟ್ರಿಪ್‌ನಲ್ಲಿ ಒಂದು ಪಿಕ್ಸೆಲ್ ಸತ್ತರೆ ಅದರ ಮುಂದಿನವು ಯಾವುದೂ ಮಾತು ಕೇಳುವುದಿಲ್ಲ, ಅದನ್ನು ಬದಲಿಸಲು ಪ್ಯಾನೆಲ್ ತೆಗೆಯಲೇಬೇಕು. ಸ್ಕ್ರೂ ಹಾಕಿಸಿ. ಕಾಣುತ್ತೆ ಅಂದರೆ ಕಾಣಲಿ ಬಿಡಿ.