ಹವಾಮಾನ ಬದಲಾವಣೆ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮನೋಭಾವ: ಸ್ಯಾನ್ಸ್-2 ಬಳಸುವವರಿಗೆ ಟಿಪ್ಪಣಿ

ಸಂಶೋಧನಾ ಪ್ರಾಜೆಕ್ಟ್‌ಗೆ ಈ ವಿಷಯ ಆರಿಸಿಕೊಂಡವರು ಮೊದಲು ತಿಳಿಯಬೇಕಾದ ಪ್ರಶ್ನಾವಳಿ ಸ್ಯಾನ್ಸ್-2 (ಸಸ್ಟೇನಬಿಲಿಟಿ ಆ್ಯಟಿಟ್ಯೂಡ್ಸ್ ಇನ್ ನರ್ಸಿಂಗ್ ಸರ್ವೆ, ಎರಡನೆಯ ರೂಪ). ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾನೆಟ್ ರಿಚರ್ಡ್ಸನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಬ್ರಿಟನ್, ಜರ್ಮನಿ, ಸ್ಪೇನ್, ಸ್ವಿಟ್ಜರ್ಲೆಂಡ್‌ಗಳ 900ಕ್ಕೂ ಹೆಚ್ಚು ನರ್ಸಿಂಗ್ ವಿದ್ಯಾರ್ಥಿಗಳ ಮನೋಭಾವವನ್ನು ಇದರಿಂದಲೇ ಹೋಲಿಸಿ ನೋಡಿದ್ದಾರೆ.

ಇರುವುದು ಐದೇ ಹೇಳಿಕೆ. ಹವಾಮಾನ ಬದಲಾವಣೆ ನರ್ಸಿಂಗ್‌ಗೆ ಮುಖ್ಯ ವಿಷಯ. ಅದು ಪಠ್ಯಕ್ರಮದಲ್ಲಿ ಇರಬೇಕು. ಸುಸ್ಥಿರತೆ (ಮುಂದಿನವರಿಗೂ ಉಳಿಯುವಂತೆ ಸಂಪನ್ಮೂಲ ಬಳಸುವುದು) ನರ್ಸಿಂಗ್‌ಗೆ ಮುಖ್ಯ ವಿಷಯ. ಅದೂ ಪಠ್ಯಕ್ರಮದಲ್ಲಿ ಇರಬೇಕು. ಸುಸ್ಥಿರತೆಯ ತತ್ವಗಳನ್ನು ನಾನು ಮನೆಯಲ್ಲಿ ಪಾಲಿಸುತ್ತೇನೆ. ಪ್ರತಿಯೊಂದಕ್ಕೂ 1ರಿಂದ (ಸ್ವಲ್ಪವೂ ಒಪ್ಪುವುದಿಲ್ಲ) 7ರವರೆಗೆ (ಪೂರ್ತಿ ಒಪ್ಪುತ್ತೇನೆ) ಅಂಕ. ಒಟ್ಟು ಕನಿಷ್ಠ 5, ಗರಿಷ್ಠ 35.

ಒಟ್ಟು ಅಂಕವೊಂದನ್ನೇ ಬರೆದು ಮುಗಿಸಬೇಡಿ. ಮೊದಲ ನಾಲ್ಕು ಹೇಳಿಕೆ ಅಭಿಪ್ರಾಯ ಕೇಳುತ್ತವೆ, ಐದನೆಯದು ನಡವಳಿಕೆ ಕೇಳುತ್ತದೆ. ಒಬ್ಬರು ನಾಲ್ಕಕ್ಕೂ 7 ಕೊಟ್ಟು ಕೊನೆಯದಕ್ಕೆ 2 ಕೊಟ್ಟರೆ ಒಟ್ಟು 30 ಆಗುತ್ತದೆ. ಎಲ್ಲದಕ್ಕೂ 6 ಕೊಟ್ಟವರದೂ 30. ಇವರಿಬ್ಬರೂ ಒಂದೇ ಅಲ್ಲ, ಆದ್ದರಿಂದ ಐದರ ಅಂಕಗಳನ್ನೂ ಬಿಡಿಬಿಡಿಯಾಗಿ ಕೋಷ್ಟಕದಲ್ಲಿ ತೋರಿಸಿ. ಹಾಸ್ಟೆಲ್‌ನಲ್ಲಿರುವವರು ‘ಮನೆ’ ಎಂದರೆ ಊರಿನ ಮನೆಯೋ ಹಾಸ್ಟೆಲ್ಲೋ ಎಂದು ಗೊಂದಲಗೊಳ್ಳುತ್ತಾರೆ. ಹಾಸ್ಟೆಲ್‌ನ ಅಡುಗೆಮನೆ, ಕಸದ ವ್ಯವಸ್ಥೆ ಅವರ ಕೈಯಲ್ಲಿರುವುದಿಲ್ಲ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಹಾಳೆ ಹಂಚುವ ಮೊದಲೇ ಎಲ್ಲರಿಗೂ ಒಂದೇ ರೀತಿ ಹೇಳಿ.

ಇನ್ನೊಂದು ತೊಡಕು ದೊಡ್ಡದು: ಅಂಕಗಳೆಲ್ಲ ಮೇಲ್ತುದಿಯಲ್ಲೇ ಗುಂಪುಗೂಡುವ ಸಾಧ್ಯತೆ. ಐದೂ ಒಪ್ಪಿಗೆಯ ದಿಕ್ಕಿನ ಹೇಳಿಕೆಗಳು. ಪಾಠ ಮಾಡುವ ಮೇಡಂ ಎದುರಿಗೇ ನಿಂತು ಹಾಳೆ ಹಂಚಿದರೆ ಯಾರು ತಾನೆ ಒಪ್ಪುವುದಿಲ್ಲ ಎಂದು ಬರೆಯುತ್ತಾರೆ? ಹೆಸರು, ರಿಜಿಸ್ಟರ್ ನಂಬರ್ ಬೇಡ. ವಿದ್ಯಾರ್ಥಿಗಳಿಗೆ ಅಂಕ ಹಾಕುವವರಲ್ಲದ ಬೇರೊಬ್ಬರಿಂದ ಹಂಚಿಸಿ, ಮುಚ್ಚಿದ ಡಬ್ಬಿಗೆ ಹಾಕಿಸಿ. ಉಲ್ಟಾ ಹೇಳಿಕೆಗಳನ್ನು ಸ್ಯಾನ್ಸ್-2ರ ನಡುವೆ ತುರುಕಬೇಡಿ, ಬೇರೆ ಅಧ್ಯಯನಗಳೊಂದಿಗೆ ಹೋಲಿಸಲು ಬರುವುದಿಲ್ಲ. ಬೇಕಿದ್ದರೆ ಪ್ರತ್ಯೇಕ ಭಾಗ ಮಾಡಿ.

ಪಾಠದ ಮೊದಲು ಮತ್ತು ನಂತರ ಅಳೆಯುವುದಾದರೆ ಎರಡೂ ಹಾಳೆಗಳನ್ನು ಜೋಡಿಸಲು ಗುಪ್ತ ಸಂಕೇತ ಬೇಕು: ಉದಾಹರಣೆಗೆ ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖಿನ ಎರಡು ಅಂಕಿ. ಇದಿಲ್ಲದೆ ಜೋಡಿ ಪರೀಕ್ಷೆ (ಒಬ್ಬರದೇ ಎರಡು ಅಂಕಗಳ ಹೋಲಿಕೆ) ಮಾಡಲಾಗದು. ಮೊದಲಿನ ಮತ್ತು ನಂತರದ ಅಂಕಗಳ ವ್ಯತ್ಯಾಸ ಗಂಟೆಯಾಕಾರದಲ್ಲಿ (ನಾರ್ಮಲ್ ಆಗಿ) ಹರಡಿಲ್ಲದಿದ್ದರೆ ಪೇರ್ಡ್ ಟಿ-ಟೆಸ್ಟ್‌ಗಿಂತ ವಿಲ್ಕಾಕ್ಸನ್ ಸೈನ್ಡ್ ರ‍್ಯಾಂಕ್ ಪರೀಕ್ಷೆ ಸುರಕ್ಷಿತ. ಮೊದಲೇ ಸರಾಸರಿ 33 ಇದ್ದರೆ ಪಾಠ ಎಷ್ಟೇ ಚೆನ್ನಾಗಿದ್ದರೂ ಏರಲು ಜಾಗವೇ ಇಲ್ಲ. ‘ಪರಿಣಾಮವಿಲ್ಲ’ ಎಂದು ತೀರ್ಮಾನಿಸುವ ಮುನ್ನ ಇದನ್ನು ನೋಡಿ.

ನಮ್ಮ ದೃಷ್ಟಿಯಲ್ಲಿ, ಮನೋಭಾವದ ಜೊತೆಗೆ ವಾರ್ಡಿನ ಕೆಲಸವನ್ನೂ ಗಮನಿಸದ ಅಧ್ಯಯನ ಅರ್ಧವೇ. ಬೇಡದ ಕಸ ಎಲ್ಲಿ ಹುಟ್ಟುತ್ತದೆಂದು ಗಮನಿಸಲು ಎರಡು ಸುಲಭ ಜಾಗಗಳಿವೆ. ಒಂದು ಗ್ಲೌಸ್: ರಕ್ತ, ದೇಹದ್ರವ ತಾಗುವ ಕೆಲಸಕ್ಕೆ ಅದು ಬೇಕೇ ಬೇಕು, ಸೋಂಕಿನ ವಿಶೇಷ ಮುನ್ನೆಚ್ಚರಿಕೆ ಇಲ್ಲದ ರೋಗಿಯ ಬಿಪಿ ನೋಡಲು, ಮಾತ್ರೆ ಕೊಡಲು ಬೇಡ, ಕೈ ಶುಚಿ ಸಾಕು.

ಇನ್ನೊಂದು ಕಸ ಬೇರ್ಪಡಿಸುವುದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ಅಂಟಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ. ಐವಿ ಸೆಟ್, ಕ್ಯಾಥೆಟರ್, ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ವಯಲ್, ಆಂಪ್ಯೂಲ್ ನೀಲಿಗೆ. ಸಿರಿಂಜಿನ ಹೊರಕವರ್ ಸಾಮಾನ್ಯ ಕಸ. ಆಸ್ಪತ್ರೆ ಕಸದ ಸುಮಾರು ಶೇ. 85ರಷ್ಟು ಅಪಾಯವಿಲ್ಲದ್ದೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಕವರ್ ಹಳದಿ ಚೀಲಕ್ಕೆ ಬಿದ್ದರೆ ಸುಮ್ಮನೆ ಸುಡುವ ಕುಲುಮೆಗೆ ಹೋಗುತ್ತದೆ. ಪಿವಿಸಿ ಪ್ಲಾಸ್ಟಿಕ್‌ನ ಟ್ಯೂಬ್ ಬಿದ್ದರೆ ಡಯಾಕ್ಸಿನ್ ವಿಷವೂ ಹುಟ್ಟಬಹುದು.

ತಪ್ಪು ಚೀಲಕ್ಕೆ ಬಿದ್ದದ್ದೆಷ್ಟು ಎಂದು ಎಣಿಸುವಾಗ ಚೀಲಕ್ಕೆ ಕೈ ಹಾಕಿ ಕೆದಕಬೇಡಿ. ಹಾಕುವ ಹೊತ್ತಿನಲ್ಲೇ ನೋಡಿ ಗುರುತು ಹಾಕಿ. ಗಮನಿಸುತ್ತಿದ್ದಾರೆಂದು ಗೊತ್ತಾದರೆ ಮೊದಮೊದಲು ಹೆಚ್ಚಿನವರು ಸರಿಯಾಗಿಯೇ ಹಾಕುತ್ತಾರೆ, ಹಾಗಾಗಿ ಮೊದಲ ಒಂದೆರಡು ಪಾಳಿಯ ಎಣಿಕೆಯನ್ನು ವಿಶ್ಲೇಷಣೆಗೆ ಸೇರಿಸಬೇಡಿ. ಹೀಗೆ ಬಿಡುತ್ತೀರೆಂದು ನೈತಿಕ ಸಮಿತಿಗೆ ಕೊಡುವ ಪ್ರಸ್ತಾವನೆಯಲ್ಲೇ ಬರೆದಿರಿ.